ಕೊಳ್ಳುವುದೂ ಕೊಳ್ಳೆಯೂ



ಶ್ರಾವಣ ಮಾಸದ ಪ್ರವಚನ ಮುಗಿದ ಒಂದು ಸಂಜೆ, ಗಡಹಿಂಗ್ಲಜದ ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿರುವ ರೈತರ ಮಗಳೊಬ್ಬಳು ನಮ್ಮ ಬಳಿ ಬಂದು ಕೈಮುಗಿದು ನಿಂತಳು. “ಅಜ್ಜಾರ, ನಮಗ ಕಾಲೇಜಿನ್ಯಾಗ ಪರ್ಚೇಸ್ ಬುಕ್ ಬರಿಯೂದು ಕಲಸ್ತಾರ್ರೀ. ಮನ್ಯಾಗ ಅಪ್ಪ ಖರೀದಿ ಅಂತಾನ. ಆಯಿ ಕೊಂಡು ತಂದೇವಿ ಅಂತಾಳ. ಮೂರೂ ಒಂದ ಏನ್ರೀ?” ಎಂದು ಕೇಳಿದಳು. ಕೂತವರು ನಕ್ಕರು. ನಾವೂ ನಕ್ಕು, “ಒಂದ ಅವ್ವಾ, ರೊಕ್ಕ ಕೊಟ್ಟು ತರೂದು” ಎಂದು ಹೇಳಿ ಕಳಿಸಿದೆವು.

ಆದರೆ ಆ ಉತ್ತರ ನಮಗೇ ಸಮಾಧಾನ ತರಲಿಲ್ಲ. ಮಾತು ಬಲ್ಲವರನ್ನು ಕೇಳಿ, ನಿಘಂಟುಗಳನ್ನು ತೆರೆದು ನೋಡಿದೆವು. ಆ ಹುಡುಗಿಯ ಪ್ರಶ್ನೆ ಬರಿಯ ಶಬ್ದದ ಪ್ರಶ್ನೆಯಲ್ಲ, ನಮ್ಮ ದಿನದಿನದ ನಡೆಯ ಪ್ರಶ್ನೆ ಎಂದು ತಿಳಿಯಿತು. ಸಂತೆ, ಪೇಟೆ, ಮಗ್ಗ, ಹೊಲಗಳನ್ನು ನಂಬಿ ಬದುಕುವ ನಮ್ಮ ಭಕ್ತರೊಡನೆ ಈ ಚಿಂತನೆಯನ್ನು ಹಂಚಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಬೇಟೆಯಿಂದ ಬಂದ ಮಾತು

‘ಪರ್ಚೇಸ್’ ಎಂಬುದು ಇಂಗ್ಲಿಷರ ಮನೆಮಾತಲ್ಲ. ಕೊಳ್ಳುವುದಕ್ಕೆ ಅವರ ಹಳೆಯ ಮಾತು ‘ಬೈ’. ಕ್ರಿ.ಶ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಆಮೇಲೆ ಬಹುಕಾಲ ಅಲ್ಲಿಯ ಅರಮನೆಯಲ್ಲೂ ನ್ಯಾಯಸ್ಥಾನದಲ್ಲೂ ಫ್ರೆಂಚ್ ಮಾತೇ ನಡೆಯಿತು. ಆದಿಲಶಾಹಿ ಕಾಲದ ಪಾರಸಿ ಮಾತುಗಳು ನಮ್ಮ ಕಚೇರಿಗಳಲ್ಲಿ ಇಂದಿಗೂ ಉಳಿದಿಲ್ಲವೇ? ಹಾಗೆಯೇ ಇದು. ‘ಪೋರ್’ ಎಂದರೆ ‘ಅದಕ್ಕಾಗಿ’, ‘ಶಾಸಿಯೇ’ ಎಂದರೆ ಬೆನ್ನು ಹತ್ತುವುದು, ಬೇಟೆಯಾಡುವುದು. ಎರಡೂ ಕೂಡಿ, ಬೇಕಾದದ್ದನ್ನು ಬಿಡದೆ ಬೆನ್ನು ಹತ್ತಿ ಪಡೆಯುವುದು ಎಂಬ ಅರ್ಥದ ಮಾತಾಯಿತು. ಇದರ ಇನ್ನೂ ಹಳೆಯ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಹಿಡಿಯುವುದು ಎಂದರ್ಥ. ನಮ್ಮ ಹುಡುಗರು ಕ್ರಿಕೆಟ್ ಆಡುವಾಗ ‘ಕ್ಯಾಚ್’ ಎನ್ನುತ್ತಾರಲ್ಲ, ಅದೂ ಇದೇ ಬೇರಿನ ಚಿಗುರು.

ಆದ್ದರಿಂದ ಈ ಮಾತಿಗೆ ಮೊದಲು ಹಣದ ಸಂಬಂಧವೇ ಇರಲಿಲ್ಲ. ದುಡಿದು ಪಡೆದದ್ದು, ಉಪಾಯದಿಂದ ಪಡೆದದ್ದು, ಗೆದ್ದು ಪಡೆದದ್ದು ಎಲ್ಲವೂ ‘ಪರ್ಚೇಸ್’ ಆಗಿತ್ತು. ಸುಮಾರು 400 ವರ್ಷಗಳ ಹಿಂದೆ, ಶೇಕ್ಸ್‌ಪಿಯರ್ ನಾಟಕ ಬರೆಯುತ್ತಿದ್ದ ಕಾಲದಲ್ಲಿ, ಕಳ್ಳರು ಕದ್ದ ಮಾಲಿಗೂ ಇದೇ ಮಾತು ಸಲ್ಲುತ್ತಿತ್ತು. ಹಡಗಿನವರು ಭಾರ ಎತ್ತುವ ಹಗ್ಗ ಮತ್ತು ಗಾಲಿಯ ಹಿಡಿತಕ್ಕೂ ಇದನ್ನೇ ಬಳಸಿದರು. ಹಣ ಕೊಟ್ಟು ಪಡೆಯುವುದು ಎಂಬ ಅರ್ಥ ಕ್ರಮೇಣ ಗಟ್ಟಿಯಾಗಿ, ಉಳಿದ ಅರ್ಥಗಳು ಹಿಂದೆ ಸರಿದವು.

ಇಂಗ್ಲೆಂಡಿನ ಕಾನೂನಿನಲ್ಲಿ ಮಾತ್ರ ಹಳೆಯ ಅರ್ಥ ಗಟ್ಟಿಯಾಗಿ ನಿಂತಿತು. ಅಲ್ಲಿ ವಂಶದಿಂದ ಬಾರದೆ ಬೇರೆ ಯಾವ ರೀತಿಯಿಂದ ಬಂದ ಭೂಮಿಯೂ ‘ಪರ್ಚೇಸ್’. ದಾನವಾಗಿ ಬಂದರೂ ಅದೇ ಹೆಸರು. ನಮ್ಮಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡು ಬಗೆ ಮಾಡುತ್ತೇವಲ್ಲ, ಸರಿಸುಮಾರು ಹಾಗೆ. ವಿಲಿಯಂನ ಹೆಸರಿಗೆ ಅಂಟಿರುವ ‘ಕಾಂಕರರ್’ ಎಂಬ ಬಿರುದಿಗೂ ಮೂಲದಲ್ಲಿ ಈ ಅರ್ಥವೇ, ಅಂದರೆ ರಾಜ್ಯವನ್ನು ಪಿತ್ರಾರ್ಜಿತವಾಗಿ ಅಲ್ಲದೆ ತಾನಾಗಿ ಸಂಪಾದಿಸಿದವನು ಎಂದೇ, ಎಂದು ಹದಿನೆಂಟನೆಯ ಶತಮಾನದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ವಿವರಿಸಿದ್ದಾನೆ. ಇಡೀ ಒಂದು ದೇಶವನ್ನು ಕತ್ತಿಯಿಂದ ಪಡೆದದ್ದಕ್ಕೂ, ಸಂತೆಯಲ್ಲಿ ಬದನೆಕಾಯಿ ಪಡೆದದ್ದಕ್ಕೂ ಹೀಗೆ ಒಂದೇ ಮಾತಿನ ನಂಟು!

ನಮ್ಮ ಮಾತಿನ ಒಳಗೇನಿದೆ?

ಇಷ್ಟು ಹೇಳಿ, “ನೋಡಿರಿ, ಅವರ ಮಾತಿನಲ್ಲಿ ಬೇಟೆಯಿದೆ, ನಮ್ಮ ಮಾತಿನಲ್ಲಿ ಧರ್ಮವಿದೆ” ಎಂದರೆ ಚಪ್ಪಾಳೆ ಬೀಳುತ್ತದೆ. ಆದರೆ ಅದು ಸತ್ಯವಾಗುವುದಿಲ್ಲ. ನಮ್ಮ ಮಾತುಗಳನ್ನೂ ಬಿಚ್ಚಿ ನೋಡೋಣ.

‘ಖರೀದಿ’ ಪಾರಸಿಯಿಂದ ಬಂದದ್ದು. ‘ಕ್ರಯ’ ಸಂಸ್ಕೃತದ್ದು. ಕೇಳಲು ಬೇರೆ ಬೇರೆ ಅನಿಸಿದರೂ ಇವೆರಡೂ ಪ್ರಾಚೀನ ಕಾಲದ ಒಂದೇ ಬೇರಿನ ಅಣ್ಣತಮ್ಮಂದಿರೆಂದು ಭಾಷಾ ಪಂಡಿತರು ಹೇಳುತ್ತಾರೆ. ನಮ್ಮ ಭಾಗದ ಮರಾಠಿಯಲ್ಲಿ ‘ವಿಕತ ಘೇಣೆ’ ಎನ್ನುತ್ತಾರೆ. ‘ಘೇಣೆ’ ಎಂದರೆ ತೆಗೆದುಕೊಳ್ಳುವುದು. ಕನ್ನಡದ ‘ಕೊಳ್ಳು’ ಎಂಬುದಕ್ಕೂ ಮೊದಲ ಅರ್ಥ ತೆಗೆದುಕೊಳ್ಳುವುದು, ಹಿಡಿಯುವುದು ಎಂದೇ. ಹಣ ಕೊಟ್ಟು ಪಡೆಯುವುದು ಅದರ ಒಂದು ಅರ್ಥ ಮಾತ್ರ.

ಇದರ ಒಡಹುಟ್ಟಿದ ಇನ್ನೊಂದು ಮಾತಿದೆ. ಅದೇ ‘ಕೊಳ್ಳೆ’. ಊರು ಕೊಳ್ಳೆ ಹೊಡೆದರು ಎನ್ನುತ್ತೇವಲ್ಲ, ಅದೇ. ದ್ರಾವಿಡ ಭಾಷೆಗಳ ಮೂಲವನ್ನು ಹುಡುಕಿದ ಬರೋ ಮತ್ತು ಎಮೆನೋ ಎಂಬ ಪಂಡಿತರು ತಮ್ಮ ನಿಘಂಟಿನಲ್ಲಿ ‘ಕೊಳ್ಳು’, ‘ಕೊಳ್ಳೆ’ ಎರಡನ್ನೂ ಒಂದೇ ಮನೆಯಲ್ಲಿ ಕೂಡಿಸಿದ್ದಾರೆ. ಅಂದರೆ ಇಂಗ್ಲಿಷಿನ ಮಾತಿನಲ್ಲಿ ಬೇಟೆ ಅಡಗಿದ್ದರೆ ನಮ್ಮ ಮಾತಿನ ಪಕ್ಕದಲ್ಲೇ ಲೂಟಿ ಕೂತಿದೆ. ಮೇಲಾಗಿ ನಾವು ನಮಗಾಗಿ ಮಾಡುವ ಕೆಲಸಕ್ಕೆಲ್ಲ ಈ ‘ಕೊಳ್ಳು’ ಅಂಟಿಕೊಳ್ಳುತ್ತದೆ. ಇಟ್ಟುಕೊಳ್ಳು, ಬಚ್ಚಿಟ್ಟುಕೊಳ್ಳು, ಮಾಡಿಕೊಳ್ಳು. ತನಗೆ ಎಂಬ ಭಾವ ಆ ಮಾತಿನಲ್ಲೇ ಕೂತಿದೆ.

ಹಾಗಾದರೆ ಕೊಳ್ಳುವುದು ಕೊಳ್ಳೆಯಾಗದಂತೆ ತಡೆಯುವುದು ಯಾವುದು? ಅದರ ಉತ್ತರವನ್ನೂ ನಮ್ಮ ಹಿರಿಯರು ಮಾತಿನಲ್ಲೇ ಇಟ್ಟಿದ್ದಾರೆ. ನಾವು ‘ಕೊಡುವುದು ಕೊಳ್ಳುವುದು’ ಎನ್ನುತ್ತೇವೆ. ಮರಾಠಿಯವರು ‘ದೇಣೆ ಘೇಣೆ’ ಎನ್ನುತ್ತಾರೆ. ಎರಡರಲ್ಲೂ ಕೊಡುವುದು ಮುಂದೆ, ಕೊಳ್ಳುವುದು ಹಿಂದೆ. ತೆಗೆದುಕೊಳ್ಳುವ ಕೈ ಎಲ್ಲ ಕಡೆಗೂ ಒಂದೇ. ಅದು ಕೊಟ್ಟ ಕೈಯ ಬೆನ್ನಿಗೆ ಬಂದರೆ ವ್ಯಾಪಾರ. ಕೊಡುವುದನ್ನು ತಪ್ಪಿಸಿ ಬಂದರೆ, ಕೈಯಲ್ಲಿ ಪಾವತಿ ಇದ್ದರೂ ಕೊಳ್ಳೆ.

ಹಳ್ಳಿಯಲ್ಲಿ ಹಿಂದೆ ಎಲ್ಲವನ್ನೂ ಹಣಕ್ಕೆ ಕೊಳ್ಳುತ್ತಿರಲಿಲ್ಲ. ಕೊಲ್ಹಾಪುರದ ಹತ್ತಿರ ಕಣೇರಿಯ ಸಿದ್ಧಗಿರಿ ಮಠದಲ್ಲಿ ಗ್ರಾಮಜೀವನದ ವಸ್ತುಸಂಗ್ರಹಾಲಯವಿದೆ. ಕಂಬಾರ, ಬಡಿಗೇರ, ಕುಂಬಾರ ಮೊದಲಾದವರ ಕಾಯಕವನ್ನು ಮೂರ್ತಿಗಳಲ್ಲಿ ಅಲ್ಲಿ ನೋಡಬಹುದು. ಅವರು ವರ್ಷವಿಡೀ ರೈತನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದರು. ಮರಾಠಿಯಲ್ಲಿ ಅದನ್ನು ಬಲುತೆ ಎನ್ನುತ್ತಾರೆ. ಆ ವ್ಯವಸ್ಥೆ ಪೂರ್ತಿ ಒಳ್ಳೆಯದಿತ್ತೆಂದು ನಾವು ಹೇಳುವುದಿಲ್ಲ. ಮೇಲುಕೀಳಿನ ಭಾರ ಅದರಲ್ಲಿ ಬಹಳವಿತ್ತು. ಬಸವಣ್ಣನವರು ಹೋರಾಡಿದ್ದು ಅಂಥ ಭಾರದ ವಿರುದ್ಧವೇ. ಆದರೆ ಕೊಡುವವನೂ ಕೊಳ್ಳುವವನೂ ಮರುದಿನ ಮತ್ತೆ ಮುಖ ನೋಡಬೇಕು ಎಂಬ ಒಂದು ಸಂಕೋಚ ಅಲ್ಲಿತ್ತು. ಇಂದಿನ ಪೇಟೆಯಲ್ಲಿ ಆ ಸಂಕೋಚ ಕಡಿಮೆಯಾಗಿದೆ.

ರುಮಾಲಿನ ಕೆಳಗಿನ ಕೈ

ಈಗ ನಮ್ಮ ಪೇಟೆಗೆ ಬರೋಣ. 1895ರಲ್ಲಿ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಶಾಹೂಪುರಿ ಪೇಟೆಯನ್ನು ಕಟ್ಟಿಸಿದರು. ಅಲ್ಲಿಂದ ಕೊಲ್ಹಾಪುರದ ಬೆಲ್ಲ ದೂರದೂರದ ಊರುಗಳಿಗೆ ಹೆಸರಾಯಿತು. ಗಡಹಿಂಗ್ಲಜದ ಪೇಟೆಗೆ ಸಂಕೇಶ್ವರಿ ಮೆಣಸಿನಕಾಯಿ ಬಂದು ಬೀಳುತ್ತದೆ. ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ಯಂತ್ರಮಗ್ಗ ಬಂದಿತು. ಈಗ ಹಗಲೂ ರಾತ್ರಿ ಮಗ್ಗದ ಸಪ್ಪಳ. ಈ ಮೂರೂ ಊರುಗಳಲ್ಲಿ ನಮ್ಮ ಭಕ್ತರು ಮಾರುವವರೂ ಹೌದು, ಕೊಳ್ಳುವವರೂ ಹೌದು. ಒಂದೇ ಮನೆಯಲ್ಲಿ ಅಣ್ಣ ಕಬ್ಬು ಬೆಳೆದರೆ ತಮ್ಮ ಅಡತಿ ಅಂಗಡಿ ನಡೆಸುತ್ತಾನೆ. ಆದ್ದರಿಂದ ಇದು ಒಬ್ಬರ ಮೇಲೆ ಒಬ್ಬರು ಬೆರಳು ತೋರಿಸುವ ಮಾತಲ್ಲ.

ಹಿಂದೆ ಮಹಾರಾಷ್ಟ್ರದ ಎಷ್ಟೋ ಪೇಟೆಗಳಲ್ಲಿ ಬೆಲೆ ಆಡುವ ಒಂದು ರೀತಿ ಇತ್ತು. ವ್ಯಾಪಾರಿಯೂ ಅಡತಿಯವನೂ ರುಮಾಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರು. ಮಾಲಿನ ಒಡೆಯ ರೈತ ಪಕ್ಕದಲ್ಲೇ ನಿಂತಿರುತ್ತಿದ್ದ. ಅವನ ಬೆವರಿಗೆ ಎಷ್ಟು ಬೆಲೆ ಬಂತೆಂದು ರುಮಾಲಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಿಯಂತ್ರಿತ ಪೇಟೆಗಳ ಕಾನೂನುಗಳು, ಮುಂಬಯಿ ಪ್ರಾಂತದ 1939ರದ್ದು, ಆಮೇಲೆ ಮಹಾರಾಷ್ಟ್ರದ 1963ರದ್ದು, ಬಂದ ಬಳಿಕ ಎಲ್ಲರ ಎದುರಿನ ಲಿಲಾವು ಪದ್ಧತಿಯಾಯಿತು. ಪರ್ಚೇಸ್ ಎಂದರೆ ಹಿಡಿಯುವುದು ಎಂದೆವಲ್ಲ, ಆ ಹಿಡಿತ ಬೆಳಕಿನಲ್ಲಿರಬೇಕು ಎಂಬುದು ಕೊಳ್ಳುವ ಧರ್ಮದ ಮೊದಲ ಮಾತು. ರುಮಾಲು ಹೋಯಿತು, ಆದರೆ ತೂಕದಲ್ಲಿ ಕಡಿತ, ತೇವದ ನೆಪ, ಮಾಲು ಇಳಿಸಿದ ಮೇಲೆ ಬೆಲೆ ಇಳಿಸುವುದು, ಇವೆಲ್ಲ ಹೊಸ ರುಮಾಲುಗಳೇ. ಚೀಲದ ಮೇಲೆ ಒಳ್ಳೆಯ ಕಾಯಿ ಇಟ್ಟು ಕೆಳಗೆ ಹಸಿಕಾಯಿ ತುಂಬುವ ರೈತನೂ ಅದೇ ರುಮಾಲು ಹೊದ್ದವನು ಎಂಬುದನ್ನೂ ಹೇಳಲೇಬೇಕು.

ಎರಡನೆಯ ಮಾತು ವೇಳೆಯದು. ಮಾಲು ತೆಗೆದುಕೊಂಡು ಹಣ ಕೊಡಲು ತಿಂಗಳುಗಟ್ಟಲೆ ತಡ ಮಾಡಿದರೆ ಕೊಳ್ಳುವ ಕೆಲಸ ಆಗಿದೆ, ಕೊಡುವ ಕೆಲಸ ಆಗಿಲ್ಲ. ಬೇರೆ ಒಪ್ಪಂದ ಇರದಿದ್ದರೆ ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ರೈತನಿಗೆ ಹಣ ಸಿಗಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೂಡಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಸಣ್ಣ ಉದ್ದಿಮೆಯವರಿಂದ ಮಾಲು ಕೊಂಡವರು ಬರೆದ ಒಪ್ಪಂದ ಇದ್ದರೂ 45 ದಿನ ಮೀರಬಾರದೆಂದು 2006ರ ಕಾನೂನಿದೆ. ಒಂದು ವಿಚಾರ ಮಾಡಿರಿ. ಕೊಂಡದ್ದಕ್ಕೆ ಹಣ ಕೊಡು ಎಂದು ಹೇಳುವುದಕ್ಕೂ ಸರಕಾರ ಕಾನೂನು ಮಾಡಬೇಕಾಯಿತು. ಬಟ್ಟೆ ಕೊಂಡೊಯ್ದವನು ಹಣ ತಡೆದರೆ ಮಗ್ಗದವನು ಕೂಲಿಯವನ ಹಣ ತಡೆಯುತ್ತಾನೆ. ಕೂಲಿಯವನು ಕಿರಾಣಿ ಅಂಗಡಿಯವನ ಉದ್ರಿ ತಡೆಯುತ್ತಾನೆ. ಒಬ್ಬನ ತಡ ಒಂದು ಓಣಿಯನ್ನೇ ಹಿಡಿಯುತ್ತದೆ.

ಕಷ್ಟದಲ್ಲಿದ್ದವನ ಭೂಮಿ

ಮೂರನೆಯ ಮಾತು ಎಲ್ಲಕ್ಕಿಂತ ಕಠಿಣವಾದದ್ದು. ದವಾಖಾನೆಯ ಖರ್ಚಿಗೋ ಮಗಳ ಮದುವೆಗೋ ಒಬ್ಬನು ಎಕರೆ ಹೊಲ ಮಾರಲು ಹೊರಡುತ್ತಾನೆ. ಬದುವಿನ ಆಚೆಯವನು ಅದೇ ದಿನಕ್ಕಾಗಿ ಕಾದಿರುತ್ತಾನೆ. ಎರಡು ದಿನ ಸುಮ್ಮನಿದ್ದರೆ ಬೆಲೆ ಇನ್ನೂ ಇಳಿಯುತ್ತದೆ ಎಂದು ಅವನಿಗೆ ಗೊತ್ತು. ಇದು ‘ಪರ್ಚೇಸ್’ ಎಂಬ ಮಾತಿನ ಹಳೆಯ ಅರ್ಥವೇ. ಬೇಟೆಗಾರನೂ ಹೀಗೇ ಪೊದೆಯ ಹಿಂದೆ ಉಸಿರು ಹಿಡಿದು ಕೂರುತ್ತಾನೆ.

ನಮ್ಮ ಹಿರಿಯ ವ್ಯಾಪಾರಿ ಭಕ್ತರೊಬ್ಬರು ಒಮ್ಮೆ ನಮಗೆ ಎದುರು ಮಾತಾಡಿದರು. “ಅಜ್ಜಾರ, ನಾ ಕೊಳ್ಳದಿದ್ರ ಇನ್ನೊಬ್ಬ ಕೊಳ್ತಾನ್ರೀ. ಕೊಳ್ಳಾವರ ಇಲ್ಲಂದ್ರ ಪಾಪ ಅವ ದವಾಖಾನಿಗೆ ರೊಕ್ಕ ಎಲ್ಲಿಂದ ತರಬೇಕು?” ಅವರ ಮಾತಿನಲ್ಲಿ ಸತ್ಯವಿದೆ. ಕಷ್ಟದಲ್ಲಿದ್ದವನಿಗೆ ಕೊಳ್ಳುವವನೂ ಬೇಕು. ಆದ್ದರಿಂದ ಕೊಳ್ಳಬಾರದು ಎಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಇಷ್ಟೇ. ಅವನಿಗೆ ಈ ಕಷ್ಟ ಇರದಿದ್ದರೆ ನೀವು ಯಾವ ಬೆಲೆ ಕೊಡುತ್ತಿದ್ದಿರೋ ಅದೇ ಬೆಲೆ ಕೊಡುತ್ತೀರಾ? ಕೊಟ್ಟರೆ ನೀವು ಅವನ ಹೊಲ ಕೊಂಡಿರಿ. ಕಡಿಮೆ ಕೊಟ್ಟರೆ ಹೊಲದ ಜೊತೆಗೆ ಅವನ ಕಷ್ಟವನ್ನೂ ದುಡಿಸಿಕೊಂಡಿರಿ. ಆ ಉಳಿತಾಯ ನಿಮ್ಮ ಕಾಯಕದ ಫಲವಲ್ಲ.

ಕಾಗದ ಸರಿಯಿದ್ದ ಮಾತ್ರಕ್ಕೆ ಕೊಳ್ಳುವುದು ಶುದ್ಧವಾಗುವುದಿಲ್ಲ ಎಂಬುದನ್ನು ನಮ್ಮ ದಖ್ಖನ್ ನಾಡು ರಕ್ತ ಸುಟ್ಟು ಕಲಿತಿದೆ. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾದ ರೈತರ ದಂಗೆಯಲ್ಲಿ ಜನ ಸಾಹುಕಾರರ ಮನೆಗಳಿಂದ ಸಾಲದ ಕಾಗದಗಳನ್ನು ಹುಡುಕಿ ತಂದು ಸುಟ್ಟರು. ಆ ದಂಗೆಯ ಬಳಿಕ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಬರೆದ ಕಾಗದವನ್ನಷ್ಟೇ ನೋಡದೆ ಅದರ ಹಿಂದಿನ ವ್ಯವಹಾರವನ್ನೂ ಕೆದಕಿ ನೋಡಲು ನ್ಯಾಯಾಲಯಕ್ಕೆ ದಾರಿಯಾಯಿತು. ಖರೀದಿ ಪತ್ರದ ಬೆನ್ನಿಗೆ ಕೊಳ್ಳೆ ಅಡಗಿರಬಹುದು ಎಂದು ಪರದೇಶದ ಸರಕಾರವೂ ಒಪ್ಪಬೇಕಾಯಿತು.

ಶರಣರು ತೋರಿದ ಅಳತೆ

ಹನ್ನೆರಡನೆಯ ಶತಮಾನದ ಶರಣರಲ್ಲಿ ನೇಕಾರರಿದ್ದರು, ಅಂಬಿಗರಿದ್ದರು, ಹಗ್ಗ ಹೊಸೆಯುವವರಿದ್ದರು. ಕೊಡು ಕೊಳ್ಳುವ ವಿಷಯ ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ನುಲಿಯ ಚಂದಯ್ಯನವರ ಕಥೆಯನ್ನು ನೀವೆಲ್ಲ ಬಲ್ಲಿರಿ. ಅವರು ಹೊಸೆದ ಹಗ್ಗಕ್ಕೆ ಬಸವಣ್ಣನವರ ಮಹಾಮನೆಯಲ್ಲಿ ಬೆಲೆಗೆ ಮೀರಿದ ಹೊನ್ನು ಕೊಟ್ಟರು. ಭಕ್ತಿಯಿಂದ ಕೊಟ್ಟದ್ದಾದರೂ ಚಂದಯ್ಯನವರು ಒಪ್ಪಲಿಲ್ಲ. ಹಗ್ಗಕ್ಕೆ ತಕ್ಕ ಬೆಲೆ ಎಷ್ಟೋ ಅಷ್ಟೇ ಸಾಕೆಂದರು. ಹೆಚ್ಚು ಬಂದದ್ದನ್ನು ಒಲ್ಲೆ ಎನ್ನುವ ಮಾರಾಟಗಾರ ಅವರು. ಕಡಿಮೆ ಕೊಡಲು ಒಲ್ಲೆ ಎನ್ನುವ ಕೊಳ್ಳುವವನು ಅವರಿಗೆ ಜೋಡಿಯಾದರೆ ಪೇಟೆಯೇ ಅನುಭವ ಮಂಟಪವಾಗುತ್ತದೆ.

ಇನ್ನು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು. ಅವರು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಕದ್ದದ್ದಲ್ಲ, ಕಸಿದದ್ದಲ್ಲ. ಆದರೂ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಹೇಳಿದರು. ಸಿಕ್ಕಿತು ಎಂಬ ಕಾರಣಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ, ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು ಎಂಬುದು ಆ ತಾಯಿಯ ಅಳತೆ.

ಈ ಅಳತೆ ನಮ್ಮ ಮನೆಗಳಿಗೆ ಇಂದು ಬಹಳ ಬೇಕಾಗಿದೆ. ಗಾಡಿ, ಮೊಬೈಲು, ಮದುವೆಯ ಬಂಗಾರ ಎಲ್ಲವೂ ಕಂತಿನ ಮೇಲೆ ಸಿಗುತ್ತವೆ. ಪಕ್ಕದ ಮನೆಯವರು ತಂದರೆಂದು ನಾವೂ ತರುತ್ತೇವೆ. ಮೊದಲು ನಾವು ವಸ್ತುವಿನ ಬೆನ್ನು ಹತ್ತುತ್ತೇವೆ. ಮನೆಗೆ ತಂದ ಮೇಲೆ ಕಂತು ನಮ್ಮ ಬೆನ್ನು ಹತ್ತುತ್ತದೆ. ಬೇಟೆಗೆ ಹೋದವನೇ ಬೇಟೆಯಾಗುತ್ತಾನೆ. ಕಬ್ಬಿನ ಬಿಲ್ಲು ಬರುವ ಮೊದಲೇ ಖರ್ಚಾಗಿ ಹೋದ ಎಷ್ಟೋ ಮನೆಗಳನ್ನು ನಾವು ಕಂಡಿದ್ದೇವೆ. ಕೊನೆಗೆ ಅಂಥ ಮನೆಯವನೇ ಎಕರೆ ಹೊಲ ಮಾರಲು ಹೊರಡುತ್ತಾನೆ. ಬದುವಿನ ಆಚೆಯವನು ಕಾದಿರುತ್ತಾನೆ.

ನಮ್ಮ ತಪ್ಪೂ ಒಂದಿದೆ

ಇಷ್ಟು ಬರೆದ ಮೇಲೆ ನಮ್ಮ ಮಠದ ಮಾತನ್ನು ಮುಚ್ಚಿಟ್ಟರೆ ಅದೂ ರುಮಾಲಿನ ಕೆಳಗಿನ ಕೈಯಾದೀತು. ಒಂದು ವರ್ಷ ಜಾತ್ರೆಯ ದಾಸೋಹಕ್ಕೆ ಸಂತೆಯಿಂದ ಕಾಯಿಪಲ್ಲೆ ತರಲಾಯಿತು. ನಮ್ಮ ಕಾರ್ಯಕರ್ತರು ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಬಳಿ “ಮಠಕ್ಕರೀ ಇದು” ಎಂದು ಹೇಳಿ ಅರ್ಧ ಬೆಲೆಗೆ ತಂದರು. ಬಹಳ ಉಳಿಸಿದೆವೆಂದು ಸಂತೋಷದಿಂದ ಲೆಕ್ಕ ತೋರಿಸಿದರು. ನಾವೂ ಅಂದು ಶಹಬ್ಬಾಸ್ ಎಂದೆವು. ಈ ಹುಡುಗಿಯ ಪ್ರಶ್ನೆಯನ್ನು ಬೆನ್ನು ಹತ್ತಿ ಹೋದಾಗ ಆ ಲೆಕ್ಕ ನೆನಪಾಯಿತು. ಆ ಹೆಣ್ಣುಮಕ್ಕಳು ಮಠಕ್ಕೆ ಕಾಣಿಕೆ ಕೊಡಲು ಬಂದಿರಲಿಲ್ಲ, ಬದನೆಕಾಯಿ ಮಾರಿ ಮನೆಗೆ ಎಣ್ಣೆ ಒಯ್ಯಲು ಬಂದಿದ್ದರು. ಶಿವನ ಹೆಸರು ಹೇಳಿದರೆ ಇಲ್ಲ ಎನ್ನಲಾರದ ಅವರ ಭಕ್ತಿಯನ್ನೇ ನಾವು ಹಿಡಿದು ಜಗ್ಗಿದೆವು. ಅವರ ಅರ್ಧ ಬೆಲೆಯಿಂದ ನಾವು ದಾಸೋಹ ಮಾಡಿ ಪುಣ್ಯವನ್ನು ನಮ್ಮ ಹೆಸರಿಗೆ ಬರೆದುಕೊಂಡೆವು.

ಆದ್ದರಿಂದ ನಮ್ಮಿಂದಲೇ ಆರಂಭಿಸಬೇಕೆಂದು ನಿಶ್ಚಯಿಸಿದ್ದೇವೆ. ಮಠಕ್ಕೆ ಏನೇ ಕೊಂಡರೂ ಪೇಟೆಯ ಬೆಲೆಗೇ ಕೊಳ್ಳತಕ್ಕದ್ದು, ಹಣ ಅಂದೇ ಕೊಡತಕ್ಕದ್ದು. ಯಾರಾದರೂ ಕಾಣಿಕೆ ಕೊಡುವುದಿದ್ದರೆ ಹಣ ಕೈಗೆ ಬಂದ ಮೇಲೆ ತಮ್ಮ ಮನಸ್ಸಿನಿಂದ ಬೇರೆಯಾಗಿ ಕೊಡಲಿ. ಕೊಡುವುದು ಬೇರೆ, ಕೊಳ್ಳುವುದು ಬೇರೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಆ ಮಗಳಿಗೆ ಈಗ ನಮ್ಮ ಉತ್ತರವನ್ನು ತಿದ್ದಿ ಹೇಳುತ್ತೇವೆ. ಅವ್ವಾ, ಮೂರೂ ಮಾತು ಒಂದೇ ಅಂದದ್ದು ಪೂರ್ತಿ ಸರಿಯಲ್ಲ. ಮೂರರಲ್ಲೂ ತೆಗೆದುಕೊಳ್ಳುವ ಕೈ ಒಂದೇ ಇದೆ, ಅಷ್ಟೇ. ಆ ಕೈ ಬೇಟೆಯ ಕೈಯೋ ಕಾಯಕದ ಕೈಯೋ ಎಂಬುದನ್ನು ಶಬ್ದ ಹೇಳುವುದಿಲ್ಲ, ನಿನ್ನ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ. ಬೆಲೆ ಎಲ್ಲರ ಎದುರಿಗೆ ಆಯಿತೇ, ಹಣ ವೇಳೆಗೆ ಮುಟ್ಟಿತೇ, ಮಾರಿದವನ ಕಷ್ಟವನ್ನು ನಾವು ದುಡಿಸಿಕೊಳ್ಳಲಿಲ್ಲವೇ, ಕೊಂಡದ್ದು ನಮಗೆ ನಿಜವಾಗಿ ಬೇಕಿತ್ತೇ, ಈ ನಾಲ್ಕನ್ನು ಕೇಳಿಕೊಂಡು ಆಮೇಲೆ ಪರ್ಚೇಸ್ ಎಂದು ಬರೆ. ನಿನ್ನ ಅಪ್ಪ ಬೆಲ್ಲ ಒಯ್ಯುವ ಪೇಟೆಯಲ್ಲಿ ನಾಳೆ ನೀನೇ ಗದ್ದುಗೆಯ ಮೇಲೆ ಕೂತು ಲೆಕ್ಕ ಬರೆಯುವ ದಿನ ಬರಬಹುದು. ಆಗ ನಿನ್ನ ಎದುರಿಗೆ ನಿಂತ ರೈತನಿಗೂ ಈ ನಾಲ್ಕು ಪ್ರಶ್ನೆಗಳ ಉತ್ತರ ಕಾಣುವಂತಿರಲಿ.